ಲೋವರ್ ಆರ್ಮ್ ಬುಷ್ ಲಗೂನ ಹರೀತಾವಂದ್ರ ಬೋಲ್ಟು ಬಿಗಿದ ರೀತಿ ನೋಡ್ರಿ

ಅಣ್ಣಾರ, ಮುಧೋಳದಿಂದ ಬೆಲ್ಲದ ಲೋಡ್ ಹೊಡಿಯೂ ಪಿಕಪ್‌ಗೆ ಹೊಸಾ ಲೋವರ್ ಆರ್ಮ್ ಬುಷ್ (ಮುಂದಿನ ಗಾಲಿಯನ್ನ ಚಾಸಿಗೆ ಜೋಡಿಸೂ ಕೆಳಗಿನ ತೋಳಿನ ಬುಡದಾಗಿನ ರಬ್ಬರ್ ಕೊಳವಿ) ಹಾಕಿಸಿದ್ರೂ ಎರಡ ತಿಂಗಳಾಗ ಹರದಾವು, ಮಾಲ್ ಡುಪ್ಲಿಕೇಟ್ ಇರಬೇಕೇನ ಅಂತ ಕೇಳೀರಿ. ಇರಬಹುದು. ಆದ್ರ ಮೊದಲ ಮೇಸ್ತ್ರಿಗೆ ಒಂದ ಮಾತು ಕೇಳ್ರಿ: ಬೋಲ್ಟು ಫೈನಲ್ ಟೈಟ್ ಮಾಡುವಾಗ ಗಾಲಿ ನೆಲದ ಮ್ಯಾಲೆ ಇದ್ವೋ, ಜಾಕ್ ಹಚ್ಚಿ ಜೋತಬಿದ್ದಿದ್ವೋ?

ಬುಷ್ ಒಳಗಿನ ಸ್ಟೀಲ್ ಕೊಳವಿಯನ್ನ ಬೋಲ್ಟು ಬ್ರಾಕೆಟ್ಟಿಗೆ ಕಚ್ಚಿ ಹಿಡೀತೈತಿ. ಹೊರಗಿನ ಕೊಳವಿ ಆರ್ಮಿನಾಗ ಪ್ರೆಸ್ ಆಗಿರತೈತಿ. ನಡುವಿನ ರಬ್ಬರ್ ಎರಡಕ್ಕೂ ಅಂಟಿರೂದರಿಂದ ಜಾರಿ ತಿರುಗೂದಿಲ್ಲ, ಹಿಂಡಿಕೊಂಡ ತಿರುಚತೈತಿ. ಆರ್ಮ್ ಜೋತಬಿದ್ದಾಗ ಬಿಗಿದ್ರ, ಗಾಡಿ ಕೆಳಗ ಇಳಿಸಿದ ಕೂಡಲೆ ಖಾಲಿ ನಿಂತಾಗೂ ರಬ್ಬರ್ ತಿರುಚಿಕೊಂಡ ಇರತೈತಿ. ಅದರ ಮ್ಯಾಲೆ ಲೋಡು, ತೆಗ್ಗು ಬಿದ್ರ ಎಷ್ಟ ಒಳ್ಳೆ ಮಾಲ್ ಇದ್ರೂ ತಾಳೂದಿಲ್ಲ. ಹರಿದ ಬುಷ್ ಬಿಚ್ಚಿಸಿ ನೋಡ್ರಿ: ಒಳಗೊಳವಿ ಸುತ್ತ ದುಂಡಗ ಸೀಳಿದ್ರ ಬಹಳ ಮಾಡಿ ಇದ ಕಾರಣ.

ಹಿಂಗ ಮಾಡಸ್ರಿ. ಮ್ಯಾಲೆ ಇದ್ದಾಗ ಆರ್ಮ್ ಬೋಲ್ಟು ಏರಿಸಿ, ನಟ್ಟು ಅಲುಗಾಡದಷ್ಟ ಮಾತ್ರ ಹಿಡಸ್ರಿ. ಗಾಲಿ ಹಾಕಿ ಗಾಡಿ ಇಳಿಸಿ, ಎರಡ-ಮೂರ ಮೀಟರ್ ಹಿಂದಮುಂದ ಉರುಳಿಸಿ, ಮುಂಭಾಗ ನಾಕ ಸಲ ಒತ್ತಿ ಬಿಡ್ರಿ. ಗಾಡಿ ತನ್ನ ಎತ್ತರಕ್ಕ ಕುಂತ ಮ್ಯಾಲೆ, ಪಿಟ್‌ನ್ಯಾಗ ಇಳದು ಟಾರ್ಕ್ ರೆಂಚ್‌ನಿಂದ (ಇಟ್ಟ ಅಂಕಿ ಮುಟ್ಟಿದ ಕೂಡಲೆ ‘ಕಟ್’ ಅನ್ನೂ ಪಾನಾ) ಬಿಗೀಬೇಕು. ನಟ್ಟು ವೆಲ್ಡ್ ಆಗಿರದಿದ್ರ ಬೋಲ್ಟಿನ ತಲಿ ಪಾನಾದಿಂದ ಹಿಡದು ನಟ್ಟನ್ನ ತಿರುವ್ರಿ. ಪಿಟ್ ಇಲ್ಲಾ? ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಬಾಲ್ ಜಾಯಿಂಟ್ (ಆರ್ಮಿನ ಗಾಲಿ ಕಡೆ ತುದಿಯ ಗುಂಡ ಕೀಲು) ಹತ್ತಿರ ಆರ್ಮಿಗೆ ಜಾಕ್ ಕೊಟ್ಟು, ಚಾಸಿ ಸ್ಟ್ಯಾಂಡಿನಿಂದ ಇನ್ನೇನ ಏಳಬೇಕು ಅನ್ನೂ ಮಟ್ಟಕ್ಕ ಎತ್ತಿ ಬಿಗೀರಿ. ಹಿಂದಿನ ಗಾಲಿಗೆ ಕಲ್ಲ ಕೊಡೂದ ಮರೀಬ್ಯಾಡ್ರಿ.

ಬಾಲ್ ಜಾಯಿಂಟ್, ಟೈರಾಡ್ ಎಂಡ್ (ಸ್ಟೇರಿಂಗ್ ಸಲಾಕಿಯ ತುದಿ ಕೀಲು) ನಟ್ಟಿಗೆ ಈ ನಿಯಮ ಇಲ್ಲ, ಅಲ್ಲಿ ತಿರುಚೂ ರಬ್ಬರ್ ಇಲ್ಲ, ಮ್ಯಾಲೇನ ಬಿಗೀಬಹುದು. ಆದ್ರ ಟೇಪರ್ (ಕೀಲಿನ ಸಣ್ಣಾಗ್ತಾ ಹೋಗೂ ಪಿನ್ ಭಾಗ) ಒರೆಸಿ ಒಣಗಿಸಿ ಕೂಡಸ್ರಿ, ಗ್ರೀಸ್ ಹಚ್ಚಬ್ಯಾಡ್ರಿ. ಕಾಟರ್ ಪಿನ್ (ನಟ್ಟು ಬಿಚ್ಚದಂಗ ಅಡ್ಡ ಹಾಕೂ ಪಿನ್) ತೂತು ಸೇರದಿದ್ರ ನಟ್ಟನ್ನ ಮುಂದಕ್ಕ ಬಿಗಿದ ಸೇರಸ್ರಿ. ಹಿಂದಕ್ಕ ಸಡಿಲ ಮಾಡಬ್ಯಾಡ್ರಿ. ಹಳೇ ಪಿನ್, ಹಳೇ ನೈಲಾಕ್ ನಟ್ಟು (ಒಳಗ ನೈಲಾನ್ ಉಂಗುರ ಇರೂದು) ಎರಡೂ ಒಗೀರಿ.

ಟಾರ್ಕ್ ಅಂಕಿ (ಎಷ್ಟ ಬಲದಿಂದ ತಿರುವಿ ಬಿಗೀಬೇಕು ಅನ್ನೂದು) ನಿಮ್ಮ ಮಾಡೆಲ್ಲಿನ ಸರ್ವಿಸ್ ಪುಸ್ತಕದ್ದ ಬೇಕು. ಮಂದಿ ಬಾಯಾಗಿಂದು ಬ್ಯಾಡ. ಅರ್ಧ ಮೀಟರ್ ಪಾನಾದ ತುದಿಗೆ 20 ಕೆಜಿ ಜಗ್ಗಿದ್ರ ಸುಮಾರ 98 ನ್ಯೂಟನ್ ಮೀಟರ್. ಪೈಪ್ ಸೇರಿಸಿ ಒಂದ ಮೀಟರ್ ಮಾಡಿದ್ರ ಅದ ಜಗ್ಗಾಟಕ್ಕ ಡಬಲ್ ಆಕ್ಕೈತಿ, ಬೋಲ್ಟು ಎಳದು ಉದ್ದ ಆಗಬಹುದು. ಎರಿ ಮಣ್ಣು ತುಂಬಿದ ಥ್ರೆಡ್ಡಿಗೆ ತಂತಿ ಬ್ರಷ್ ಹಾಕ್ರಿ, ಇಲ್ಲಾಂದ್ರ ರೆಂಚ್ ಕಟ್ ಅಂದ್ರೂ ಹಿಡಿತ ಬಂದಿರೂದಿಲ್ಲ. ಎಣ್ಣಿ ಹಚ್ಚಿದ್ರ ಉಲ್ಟಾ, ಅದ ಅಂಕಿಗೆ ಹೆಚ್ಚ ಎಳೀತೈತಿ. ಪುಸ್ತಕದಾಗ ಹೇಳಿರದಿದ್ರ ಹಚ್ಚಬ್ಯಾಡ್ರಿ.

ಮುಂದ ಪಾಟಾ (ಪಟ್ಟಿ ಸ್ಪ್ರಿಂಗ್) ಇರೂ ಟಾಟಾ ಏಸ್‌ನಂಥಾ ಗಾಡಿ ಇದ್ದವ್ರು ಪಾಟಾನ್ನ ಆಕ್ಸಲ್ಲಿಗೆ ಹಿಡಿಯೂ ಯು ಬೋಲ್ಟಿನ ನಾಕೂ ನಟ್ಟು ಮೂಲಿಮೂಲಿಗೆ ಹಿಡದು ಮೂರ ಹಂತದಾಗ ಬಿಗೀರಿ, ಮೊದಲನೇ ಲೋಡ್ ಇಳಿಸಿದ ಮ್ಯಾಲೆ ಮತ್ತ ರೆಂಚ್ ಹಚ್ಚಿ ನೋಡ್ರಿ. ನಿಮ್ಮ ಪಿಕಪ್‌ಗೆ ಆರ್ಮ್ ಬಿಚ್ಚಿದ್ರಂದ್ರ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.