ದಾಳಿಂಬೆಗೆ ಬ್ಯಾಟರಿ ಕತ್ತರಿ: 25 ಮಿ.ಮೀ. ಸಾಕೇ?

ದಾಳಿಂಬೆ ಸವರಲು 25 ಮಿ.ಮೀ. ಬ್ಯಾಟರಿ ಕತ್ತರಿ ಸಾಕೇ, 40 ಬೇಕೇ ಎಂದು ಕೇಳಿದ್ದೀರಿ. ಪೆಟ್ಟಿಗೆ ಮೇಲಿನ ಈ ಅಂಕಿ ಕತ್ತರಿ ತುಂಡರಿಸಬಲ್ಲ ಕೊಂಬೆಯ ಗರಿಷ್ಠ ದಪ್ಪ; ಅದೂ ಸಾಮಾನ್ಯವಾಗಿ ಹಸಿ ಕೊಂಬೆಯ ಲೆಕ್ಕ, ಒಣಗಿದ ಗಟ್ಟಿ ಕೊಂಬೆಗೆ ಅದನ್ನು ನಂಬಬೇಡಿ. ಹೆಬ್ಬೆರಳು ಗಾತ್ರದ ರೆಂಬೆಗಳೇ ಹೆಚ್ಚಿದ್ದರೆ 30–32 ತಗೊಳ್ಳಿ. 40ರದ್ದು ಭಾರ, ಸಂಜೆಯೊಳಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಅಪರೂಪದ ದಪ್ಪ ಕೊಂಬೆಗೆ ಗರಗಸವೇ ಸರಿ.

ಕತ್ತರಿ ಕೊಂಬೆಯನ್ನು ಅರ್ಧ ಕಚ್ಚಿ ನಿಂತರೆ ತಿರುಚಿ ಎಳೆಯಬೇಡಿ, ಬ್ಲೇಡ್ ಮುಕ್ಕಾಗುವುದು ಹಾಗೆಯೇ. ಟ್ರಿಗರ್ ಬಿಟ್ಟು ಬಾಯಿ ತೆರೆಯಲು ಬಿಡಿ. ಮಸೆಯುವುದು ಇಳಿಜಾರು ಬದಿಯನ್ನು ಮಾತ್ರ. ಚಪ್ಪಟೆ ಬದಿ ಸವೆದರೆ ಸಂದು ಬಿದ್ದು ತೊಗಟೆ ಜಜ್ಜುತ್ತದೆ. ದುಂಡಾಣು ಅಂಗಮಾರಿ (ಕತ್ತರಿಯ ಮೂಲಕವೂ ಹರಡುವ ಬ್ಯಾಕ್ಟೀರಿಯಾ ರೋಗ) ಇರುವ ತೋಟದಲ್ಲಿ ಗಿಡದಿಂದ ಗಿಡಕ್ಕೆ ಹೋಗುವಾಗ ಸ್ವಿಚ್ ಆರಿಸಿ, 70% ಆಲ್ಕೋಹಾಲ್ ಬಟ್ಟೆಯಿಂದ ಬ್ಲೇಡ್ ಒರೆಸಿ. ಕೈಕತ್ತರಿಯಂತೆ ದ್ರಾವಣದಲ್ಲಿ ಅದ್ದಿದರೆ ಮೋಟಾರ್ ಕಥೆ ಮುಗಿಯಿತು. ಬಿಡಿ ಬ್ಲೇಡ್ ಸಿಗದ ಮಾದರಿ ಬೇಡವೇ ಬೇಡ.