ರಾಶಿಯ ಹೊಟ್ಟೆಯೊಳಗೆ ಇಣುಕುವುದು ಹೇಗೆ?

ಪ್ರಶ್ನೆ: ಕಾಳಿನ ರಾಶಿಯನ್ನು ಅಲುಗಿಸಿದಾಗ ಒಳಗಿನ ಕಾಳುಗಳು ಎತ್ತ ಸರಿಯುತ್ತವೆ ಎಂದು ಪಿಯುಸಿ ಮಕ್ಕಳಿಗೆ ತೋರಿಸಬೇಕು. ಗಾಜಿನ ತೊಟ್ಟಿಗೆ ಗೋಲಿ ತುಂಬಿದರೆ ಗೋಡೆಗೆ ತಾಗಿದ ಸಾಲು ಮಾತ್ರ ಕಾಣುತ್ತದೆ. ಏನು ಮಾಡಲಿ?
– ಉಪನ್ಯಾಸಕಿ, ಉಡುಪಿ

ಉತ್ತರ: ಗೋಡೆಯ ಸಾಲನ್ನು ನಂಬಬೇಡಿ, ಅಲ್ಲಿ ಕಾಳುಗಳು ಒಳಗಿಗಿಂತ ಶಿಸ್ತಾಗಿ ಕೂರುತ್ತವೆ. ಗೋಲಿಯ ಬದಲು ಹೂದಾನಿಗೆ ಹಾಕುವ ಬಣ್ಣವಿಲ್ಲದ ಜೆಲ್ ಮಣಿ ತನ್ನಿ. ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಸುಮಾರು 1.5, ನೀರಿನದು 1.33. ಉಬ್ಬಿದ ಮಣಿಯದೂ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಅದು ನೀರಿನಲ್ಲಿ ಮಾಯವಾಗುತ್ತದೆ.

ರಾತ್ರಿಯಿಡೀ ಡಿಸ್ಟಿಲ್ಡ್ ವಾಟರ್‌ನಲ್ಲೇ ನೆನೆಸಿ. ಕಡಲ ಬದಿಯ ಬಾವಿ ನೀರಿಗೆ ಬೇಸಗೆಯಲ್ಲಿ ಉಪ್ಪು ಸೇರುತ್ತದೆ, ಉಪ್ಪು ನೀರಿನಲ್ಲಿ ಮಣಿ ಸರಿಯಾಗಿ ಉಬ್ಬುವುದಿಲ್ಲ. ಚಪ್ಪಟೆ ಗೋಡೆಯ ತೊಟ್ಟಿಗೆ ಮಣಿ ಹಾಕಿ, ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರನ್ನು ಅಂಚಿನಿಂದ ಮೆಲ್ಲನೆ ಸುರಿಯಿರಿ. ಗಾಳಿಗುಳ್ಳೆ ಅಂಟಿದರೆ ಪ್ರತಿಯೊಂದೂ ಮುಂದೆ ಹಾಯಿಸುವ ಲೇಸರ್‌ಗೆ ಚುಕ್ಕೆಯಾಗಿ ಹೊಳೆದು ಚಿತ್ರ ಕೆಡಿಸುತ್ತದೆ.

ಮಾಯವಾದ ಮಣಿಗಳನ್ನು ಮತ್ತೆ ಗುರುತಿಸಲು ನೀರಿಗೆ ಹಳದಿ ಹೈಲೈಟರ್ ಶಾಯಿಯ ನಾಲ್ಕೈದು ಹನಿ ಬೆರೆಸಿ. 405 ನ್ಯಾನೋಮೀಟರಿನ ನೇರಳೆ ಲೇಸರ್ ಕಿರಣವನ್ನು 5 ಮಿ.ಮೀ. ದಪ್ಪದ ಗಾಜಿನ ಕಡ್ಡಿಗೆ ಅಡ್ಡವಾಗಿ ಹಾಯಿಸಿದರೆ ಅದು ಬೀಸಣಿಗೆಯಂತೆ ಹರಡಿ ಬೆಳಕಿನ ತೆಳು ಹಾಳೆಯಾಗುತ್ತದೆ. ಹಾಳೆ ಹಾದಲ್ಲೆಲ್ಲ ನೀರು ಹಸಿರಾಗಿ ಬೆಳಗುತ್ತದೆ, ಮಣಿಗಳು ಕಪ್ಪು ಬಿಲ್ಲೆಗಳಾಗಿ ಕಾಣುತ್ತವೆ. ದೂರದ ಬದಿ ಕತ್ತಲಾದರೆ ಶಾಯಿ ಹೆಚ್ಚಾಗಿದೆ ಎಂದರ್ಥ. ಬಣ್ಣ ಮೆಲ್ಲಮೆಲ್ಲನೆ ಮಣಿಯೊಳಗೂ ಇಳಿದು ಅಂಚು ಮಸುಕಾಗುತ್ತದೆ, ಹಾಗಾಗಿ ಬೆರೆಸಿದ ಕೂಡಲೇ ಚಿತ್ರ ತೆಗೆಯಿರಿ.

ಫೋನನ್ನು ಹಾಳೆಗೆ ಎದುರಾಗಿ ಇಟ್ಟು, ಫೋಕಸ್ ಲಾಕ್ ಮಾಡಿ, ಲೆನ್ಸಿನ ಮುಂದೆ ಹಳದಿ ಸೆಲ್ಲೋಫೇನ್ ಅಂಟಿಸಿ. ಲೇಸರ್, ಕಡ್ಡಿ, ಫೋನು ಮೂರನ್ನೂ ಒಂದೇ ಹಲಗೆಗೆ ಬಿಗಿದು, ಹಲಗೆಯನ್ನು 1 ಮಿ.ಮೀ.ನಂತೆ ಸರಿಸುತ್ತ ಹೋಗಿ. 10 ಮಿ.ಮೀ.ನ ಮಣಿಗೆ ಹತ್ತು ಸೀಳು ಸಿಗುತ್ತವೆ. ಉಚಿತ ತಂತ್ರಾಂಶ ಇಮೇಜ್‌ಜೆ ಅವನ್ನು ಸಾಲಾಗಿ ಪೇರಿಸಿ ಮೂರು ಆಯಾಮದಲ್ಲಿ ತೋರಿಸುತ್ತದೆ.

ಎರಡು ಎಚ್ಚರಿಕೆ. ನೇರಳೆ ಲೇಸರ್ ಕಣ್ಣಿಗೆ ಮಂಕಾಗಿ ಕಂಡರೂ ಅಪಾಯಕಾರಿ. 5 ಮಿಲಿವ್ಯಾಟ್ ಮೀರಬೇಡಿ, ತೊಟ್ಟಿಯಾಚೆ ಕಪ್ಪು ರಟ್ಟು ನಿಲ್ಲಿಸಿ. ಮಣಿಗಳು ಪುಟ್ಟ ಮಕ್ಕಳ ಕೈಗೆ ಸಿಗಲೇಬಾರದು, ನುಂಗಿದರೆ ಕರುಳಿನಲ್ಲಿ ಉಬ್ಬಿಕೊಳ್ಳುತ್ತವೆ.

ಪ್ರಶ್ನೆ: ಪಣಂಬೂರು ಕಡಲತೀರದ ಮರಳನ್ನೂ ಹೀಗೆ ನೋಡಬಹುದೇ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ಆಗದು. ಮರುವಾಯಿ ಚಿಪ್ಪಿನ ಚೂರು, ಕಪ್ಪು ಖನಿಜದ ಕಣ ಬೆಳಕನ್ನು ತಡೆಯುತ್ತವೆ. ಇದಕ್ಕೆ ಮೈಕ್ರೋ ಸಿಟಿ, ಅಂದರೆ ಎಕ್ಸ್‌ರೇ ಸ್ಕ್ಯಾನ್ ಬೇಕು. 0.3 ಮಿ.ಮೀ.ನ ಮರಳು ಕಾಳಿನ ಅಡ್ಡಕ್ಕೆ 20 ಪಿಕ್ಸೆಲ್ ಆದರೂ ಬೇಕೆಂದರೆ ಒಂದು ಪಿಕ್ಸೆಲ್ 15 ಮೈಕ್ರೋಮೀಟರ್. 2,000 ಪಿಕ್ಸೆಲ್ ಅಗಲದ ಡಿಟೆಕ್ಟರ್‌ಗೆ ಒಮ್ಮೆಗೆ ಕಾಣುವ ಅಗಲ 30 ಮಿ.ಮೀ. ಆಯಿತು. ಆದ್ದರಿಂದ 25 ಮಿ.ಮೀ.ಗಿಂತ ದಪ್ಪದ ಕೊಳವೆ ಒಯ್ಯಬೇಡಿ. ಮರಳನ್ನು ತಟ್ಟಿ ಕೂರಿಸಿ, ಮೇಲೆ ಹತ್ತಿ ಒತ್ತಿ ಮುಚ್ಚಿ. ಸ್ಕ್ಯಾನ್ ನಡುವೆ ಒಂದು ಕಾಳು ಜಾರಿದರೂ ಆ ಜಾಗದ ಅಂಚುಗಳೆಲ್ಲ ಜೋಡಿಯಾಗಿ ಮೂಡುತ್ತವೆ.