ತೇಲುವ ಎಣ್ಣೆ, ಆಳದ ಮೀನು
ಸಮುದ್ರಕ್ಕೆ ಸೋರಿದ ಎಣ್ಣೆ ನೀರಿನ ಮೇಲೆ ತೇಲುವಾಗ ಆಳದ ಮೀನಿಗೇನು ತೊಂದರೆ ಎಂದು ಕೇಳಿದ್ದೀರಿ. ಅದು ಪೂರ್ತಿ ಮೇಲೆಯೇ ಉಳಿಯುವುದಿಲ್ಲ. ಅಲೆಗಳ ಹೊಡೆತಕ್ಕೆ ಸಣ್ಣ ಹನಿಗಳಾಗಿ ಕೆಳಗಿಳಿಯುತ್ತದೆ. ಕಚ್ಚಾ ತೈಲದ ಕೆಲವು ವಿಷಕಾರಿ ಅಂಶಗಳು ನೀರಿನಲ್ಲಿ ಕರಗಿಯೂ ಬಿಡುತ್ತವೆ. ದೊಡ್ಡ ಮೀನು ಈಜಿ ತಪ್ಪಿಸಿಕೊಂಡೀತು, ಮೊಟ್ಟೆ ಎಲ್ಲಿಗೆ ಹೋದೀತು? ಅತಿ ಕಡಿಮೆ ಪ್ರಮಾಣದ ವಿಷವೂ ಅದರೊಳಗಿನ ಮರಿಯ ಹೃದಯದ ಬೆಳವಣಿಗೆಯನ್ನು ಕೆಡಿಸಬಲ್ಲದು. ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ಈ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಹಕ್ಕಿಗಳ ಪಾಡಾದರೂ ಕಾಣುತ್ತದೆ: ಗರಿಗಳು ಅಂಟಿಕೊಂಡು ಮೈಯ ಬಿಸಿ ಆರಿಹೋಗುತ್ತದೆ, ಕೊಕ್ಕಿನಿಂದ ಶುಚಿ ಮಾಡಿಕೊಳ್ಳಲು ಹೋಗಿ ಎಣ್ಣೆಯನ್ನೇ ನುಂಗುತ್ತವೆ. 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ತೈಲ ಸೋರಿತು. ದಶಕಗಳ ನಂತರವೂ ಅಲ್ಲಿನ ದಡದ ಕಲ್ಲುಗಳಡಿ ಆ ಎಣ್ಣೆ ಸಿಕ್ಕಿದೆ.